ಸಿಪಾಯಿ ಕಲ್ಲಿಗೆ ಒಡೆದ ಕಾಯಿ

ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಬೆಕ್ಕು ಬರಲಿ, ಬಳೆಗಾರ ಬರಲಿ, ರಾಟೆ ನಿಲ್ಲಿಸಿ ಒಂದೇ ಮಾತು: “ಹಸ್ಕೊಂಡು ಹೋಗಬ್ಯಾಡಪ್ಪ.”

ದೊಡ್ಡ ಯುದ್ಧ ಮುಗಿದ ಮೇಲೆ ಚಳ್ಳಕೆರೆ ದಾರಿಯಲ್ಲಿ ಸಿಪಾಯಿಗಳ ಹೆಸರು ಕೆತ್ತಿದ ಕಲ್ಲೊಂದನ್ನು ನೆಟ್ಟರು. ಸೀರೆ ಮಾರಲು ನಾನು ಗಾಡಿ ಕಟ್ಟಿದ ದಿನ ಅಜ್ಜಿಯೂ ಹತ್ತಿ ಕೂತಳು. ಕಲ್ಲು ಕಂಡದ್ದೇ ಇಳಿದು, ವೀರಗಲ್ಲಿಗೆ ಮಾಡುವ ಹಾಗೆ ಅರಿಶಿನ ಹಚ್ಚಿ ಕಾಯಿ ಒಡೆದಳು. “ನಮಗೋಸ್ಕರ ಅಷ್ಟು ದೂರ ಹೋಗಿ ಸತ್ರಲ್ಲಪ್ಪ” ಎಂದು ಕೈಮುಗಿದಳು.

ಬೇವಿನ ನೆರಳಲ್ಲಿ ಕೂತಿದ್ದ ಕುಂಟನೊಬ್ಬ ಗೊಳ್ಳನೆ ನಕ್ಕ. “ಅವ್ವಾ, ಅದು ಯುದ್ಧಕ್ಕೆ ಹೋದೋರೆಲ್ಲರ ಹೆಸರು. ಅದ್ರಾಗೆ ನಂದೂ ಐತೆ. ನಾನಿನ್ನೂ ಸತ್ತಿಲ್ಲ!”

ಬದುಕಿದ್ದವನಿಗೆ ಸತ್ತವರ ಪೂಜೆ! ಈ ಅಪಶಕುನಕ್ಕೆ ನಾನು ಬೆವೆತುಹೋದೆ. ಅಜ್ಜಿ ಮಾತ್ರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹಂಗಾರೆ ಹಸ್ಕೊಂಡು ಯಾಕೆ ಕುಂತೀಯಾ? ಬಾ ಇಲ್ಲಿ. ತಿರುಗಿ ಬರದೇ ಇದ್ದೋರ ಹೆಸರು ಹೇಳು.”

ಅವನ ನಗು ನಿಂತಿತು. ರುಮಾಲು ತೆಗೆದು ಹತ್ತಿರ ಬಂದ. ಓದು ಬಾರದಿದ್ದರೂ ಜತೆಗಾರರ ಹೆಸರೆಲ್ಲ ಅವನಿಗೆ ಬಾಯಿಪಾಠ. ಒಂದೊಂದು ಹೆಸರಿಗೂ ಅಜ್ಜಿ ಒಡೆದ ಕಾಯಿಯ ಒಂದು ಹೋಳಿನಿಂದ ಒಂದೊಂದು ಚೂರು ಬಿಡಿಸಿ ಕಲ್ಲಿನ ಮುಂದಿಟ್ಟಳು. ಕೊನೆಗೆ ಅವನು ತನ್ನ ಹೆಸರನ್ನೂ ಹೇಳಿ, ನಾಚುತ್ತ ಕೈ ಚಾಚಿದ.

ಅಜ್ಜಿ ಇನ್ನೊಂದು ಹೋಳನ್ನು ಇಡಿಯಾಗಿ ಅವನ ಅಂಗೈಗೆ ಹಾಕಿ, ಅವನು ತಿಂದು ಮುಗಿಸುವವರೆಗೂ ಗಾಡಿ ಹತ್ತಲಿಲ್ಲ.