ಆವುಲಪ್ಪನ ಗಾಜಿನ ಕೆರೆ

ಗೌರಿಬಿದನೂರು ದಾಟಿ ಬೆಂಗಳೂರಿನ ಕಡೆ ಬಂದರೆ ಒಂದು ಸಣ್ಣ ಸ್ಟೇಷನ್ನು ಸಿಗುತ್ತಿತ್ತು. ಹೆಸರು ಬೇಡ ಬಿಡಿ. ಅಲ್ಲಿ ಹತ್ತು ವರ್ಷ ನಾನು ಸ್ಟೇಷನ್ ಮಾಸ್ಟರ್. ಆವುಲಪ್ಪ ನನ್ನ ಕೈಕೆಳಗಿನ ಪಾಯಿಂಟ್ಸ್‌ಮನ್. ಹಳಿ ಬದಲಿಸುವುದು, ಮುಂದಿನ ಹಳಿ ಖಾಲಿಯಿದೆ ಎಂಬ ಗುರುತಿಗೆ ಡ್ರೈವರಿಗೆ ಟೋಕನ್ ಕೊಡುವುದು, ಹಸಿರು ಬಾವುಟ ತೋರಿಸುವುದು ಅವನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ವರಲಕ್ಷ್ಮಿಯನ್ನು ತಾನೇ ತಲೆ ಬಾಚಿ, ಜಡೆ ಹೆಣೆದು ಸಾಕಿದ ಮನುಷ್ಯ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಅವಳ ಮದುವೆ. ಹಿಂದೂಪುರದ ಬೀಗರು ರೈಲಿನಲ್ಲೇ ಬಂದಿಳಿದರು. ಆವುಲಪ್ಪನ ಬದಲಿಗೆ ಬರಬೇಕಾಗಿದ್ದ ಆಳು ಬಂದಿರಲಿಲ್ಲ. "ಈ ಗಾಡಿ, ಹಿಂದೆ ಬರೋ ಗೂಡ್ಸು ಎರಡನ್ನೂ ಕಳಿಸಿಬಿಟ್ಟು ಹೋಗಪ್ಪ" ಎಂದವನು ನಾನೇ. ಹೆಣ್ಣಿನ ತಂದೆ ಕಾಲಿಗೆ ನೀರು ಕೊಟ್ಟು ಕರೆಯುವ ತನಕ ಗಂಡಿನ ಕಡೆಯವರು ಹೆಜ್ಜೆ ಎತ್ತುವಂತಿಲ್ಲ. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತರು. ಆವುಲಪ್ಪ ಮಸಿ ಕೈಯಲ್ಲೇ ಚೊಂಬು ಹಿಡಿದು ಓಡಿ ಬಂದಾಗ ಬೀಗಿತ್ತಿ ಗಂಗುಲಮ್ಮ ಮುಖ ಆ ಕಡೆ ತಿರುಗಿಸಿದಳು.

"ರೈಲಿಗಿರೋ ಮರ್ಯಾದೆ ನಮಗಿಲ್ಲ. ತಾಳಿ ಕಟ್ಟಿಸಿ ಕರ್ಕೊಂಡು ಹೋಗ್ತೀವಿ. ಆಮೇಲೆ ಈ ಊರಿನ ನೆಲ ನಾನೂ ತುಳಿಯಲ್ಲ, ನನ್ನ ಸೊಸೇನೂ ತುಳಿಯಲ್ಲ!"

ಹೇಳಿದಂತೆಯೇ ನಡೆದಳು ಮಹಾತಾಯಿ. ಚೊಚ್ಚಲ ಬಾಣಂತನಕ್ಕೂ ಸೊಸೆಯನ್ನು ಕಳಿಸಲಿಲ್ಲ.

ಗಂಗುಲಮ್ಮನ ತವರು ದೊಡ್ಡಬಳ್ಳಾಪುರ. ವರ್ಷಕ್ಕೆ ಎರಡು ಸಲ ಸೊಸೆಯನ್ನೂ ಮೊಮ್ಮಗಳನ್ನೂ ಕಟ್ಟಿಕೊಂಡು ನಮ್ಮ ಸ್ಟೇಷನ್ ಮೇಲೆಯೇ ಹೋಗುತ್ತಿದ್ದಳು. ಗಾಡಿ ನಿಲ್ಲುವುದು ಎರಡು ನಿಮಿಷ. ಅಷ್ಟರಲ್ಲಿ ಆವುಲಪ್ಪ ಟೋಕನ್ ಕೊಟ್ಟು, ಕಿಟಕಿಗೆ ಓಡಿ, ಮಗಳ ಕೈಗೆ ಕನಕಾಂಬರ ಕೊಟ್ಟು, ಮತ್ತೆ ಬಾವುಟಕ್ಕೆ ಓಡಬೇಕು. ಮಾತಿಗೆ ಉಳಿಯುತ್ತಿದ್ದದ್ದು ಅರ್ಧ ನಿಮಿಷ. ಗಾಡಿ ಹೋದ ಮೇಲೆ ಅವನು ಬರಿ ಹಳಿಯನ್ನು ನೋಡುತ್ತ ನಿಂತಿರುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಅವನ ಮೇಲಲ್ಲ.

ಅರವತ್ತೊಂದರ ಕೊನೆಯಲ್ಲಿ ಒಂದು ದಿನ ಮೊಮ್ಮಗಳು ಕಿಟಕಿಯಿಂದ ಕೇಳಿದಳು: "ತಾತಾ, ನಿಮ್ಮೂರ ಕೆರೇಲಿ ಮೀಸೆ ಇರೋ ಮೀನಿದೆ ಅಂತಾಳೆ ಅಮ್ಮ. ನಿಜಾನಾ?"

"ಮುಂದಿನ್ಸಲ ಬಾರಮ್ಮ, ಇಲ್ಲೇ ತೋರಿಸ್ತೀನಿ."

ಮಗು ನೋಡಲು ಹಟ ಹಿಡಿದರೆ ಒಂದು ಗಳಿಗೆಯಾದರೂ ಇಳಿದಾರು ಎಂಬುದು ಅವನ ಆಸೆ. ಗೌರಿಬಿದನೂರಿನಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿ, ನಾಲ್ಕೂ ಕಡೆ ಗಾಜು ಕೂರಿಸಿ, ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದ. "ಇದು ರೈಲ್ವೆ ಪ್ಲಾಟ್‌ಫಾರಂ ಕಣಯ್ಯ, ನಿಮ್ಮ ಹಿತ್ತಿಲಲ್ಲ" ಎಂದೆ. ಮರುಕ್ಷಣ ಮದುವೆಯ ದಿನ ನೆನಪಾಗಿ, ಬೇವಿನ ಮರದ ನೆರಳು ತೋರಿಸಿದೆ.

ಕೆರೆಯಿಂದ ಮೊಳದುದ್ದದ ಎರಡು ಮೀಸೆಮೀನು ತಂದು ಬಿಟ್ಟ. ತೊಳೆದ ಮರಳು, ಬಣ್ಣದ ಬಳೆಚೂರು, ಜೊಂಡು. ಮಗಳು ಚಿಕ್ಕವಳಿದ್ದಾಗ ಕಲ್ಲುಕುಟಿಗನ ಕೈಲಿ ಮಾಡಿಸಿಕೊಟ್ಟಿದ್ದ ಆಟದ ಬೀಸುಕಲ್ಲನ್ನೂ ಇಟ್ಟ. ಮದುವೆಮನೆಯಂತೆ ಸಿಂಗಾರವಾಗಿತ್ತು. ಬೆಳಿಗ್ಗೆ ನೋಡಿದರೆ ಜೊಂಡು ತೇಲುತ್ತಿದೆ, ಮರಳೆಲ್ಲ ಒಂದು ಮೂಲೆಗೆ ಗುಡ್ಡೆ ಬಿದ್ದಿದೆ, ಬೀಸುಕಲ್ಲಿನ ಸುಳಿವೇ ಇಲ್ಲ. ಮರಳಿನ ಮೇಲೆ ನಿಲ್ಲಿಸಿದ್ದ ಗುಂಡುಕಲ್ಲಿನ ಬುಡವನ್ನೂ ಮೀನುಗಳು ತೋಡಿ ಗಾಜಿಗೆ ಒರಗಿಸಿಬಿಟ್ಟಿದ್ದವು.

"ಇವು ಮೀನಲ್ಲಪ್ಪ, ಬಾವಿ ತೋಡೋ ಕೂಲಿಯೋರು" ಎಂದು ನಾನು ನಕ್ಕೆ. ಅವನು ನಗಲಿಲ್ಲ. ತಿಂಗಳುಗಟ್ಟಲೆ ಮೀನಿನ ಹತ್ತಿರ ಪಾಠ ಕಲಿತ. ದೊಡ್ಡ ಕಲ್ಲನ್ನು ಮೊದಲು ತಳಕ್ಕೇ ಕೂರಿಸಿ ಆಮೇಲೆ ಸುತ್ತ ಮರಳು ಸುರಿಯಬೇಕು. ಗಿಡವನ್ನು ನೆಡಬಾರದು, ಮರದ ಬೇರಿಗೆ ಕಟ್ಟಬೇಕು. ಎಗರಿ ಬೀಳದ ಹಾಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಬೇಕು. ಬೀಸುಕಲ್ಲನ್ನು ಎಷ್ಟು ಸಲ ಮೇಲೆತ್ತಿಟ್ಟರೂ ಅವು ಮರಳಲ್ಲಿ ಹೂತುಬಿಡುತ್ತಿದ್ದವು, ಅಲ್ಲೇ ಬಿಟ್ಟ. ಕೊನೆಗೆ ಕಣ್ಣಿಗೆ ಕಾಣುವಂತೆ ನಾಲ್ಕು ಕಲ್ಲು, ಒಂದು ಬೇರು, ಬರಿ ಮರಳು ಉಳಿದವು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು.

ಅವರು ಬರುವ ದಿನ ಅವನ ಕೈ ಸುಮ್ಮನಿರಲಿಲ್ಲ. ತೊಟ್ಟಿ ಬೋಳಾಗಿ ಕಂಡು ಮಗುವಿಗೆ ಬೇಸರವಾದೀತೆಂದು, ಹೂ ಬಿಟ್ಟ ನೈದಿಲೆಯೊಂದನ್ನು ಬುಡದ ಕೆರೆಮಣ್ಣಿನ ಸಮೇತ ತಂದು ಮರಳಲ್ಲಿ ನೆಟ್ಟ. ಮೀನುಗಳಿಗೆ ಊರಿನ ಮಣ್ಣು ಸಿಕ್ಕಿತು ನೋಡಿ! ಗಾಡಿ ಸಿಳ್ಳೆ ಹಾಕುವ ಹೊತ್ತಿಗೆ ತೊಟ್ಟಿಯ ತುಂಬ ರಾಗಿ ಗಂಜಿ. ಆವುಲಪ್ಪ ಟೋಕನ್ ಹಿಡಿದು ಹೋಗುವಾಗ ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

"ಎಲ್ಲಿ ತಾತಾ ಮೀನು?" ಕಿಟಕಿಯಿಂದ ಮಗು ಕೂಗಿತು.

"ಒಳಗೇ ಇದಾವೆ ಕಣಮ್ಮ... ಮಣ್ಣು ಕೆಳಗೆ ಕೂತ್ಕೊಳ್ಳೋವರ್ಗೂ ಕಾಯ್ಬೇಕು."

ನೀರು ತಿಳಿಯಾಗಿದ್ದರೆ ಮೀನು ಕಿಟಕಿಯಿಂದಲೇ ಕಾಣುತ್ತಿತ್ತು. ಕಾಣಲಿಲ್ಲವಲ್ಲ, ಮಗು ಬಾಗಿಲಿಗೆ ಓಡಿ ಧುಮುಕಿಯೇಬಿಟ್ಟಿತು. "ಲೇ ಪಾಪಾ, ರಾ ಇಕ್ಕಡ!" ಎಂದು ಗಂಗುಲಮ್ಮ ತೆಲುಗಿನಲ್ಲಿ ವಾಪಸ್ ಕರೆದಳು. ಹಿಡಿದು ತರಲು ವರಲಕ್ಷ್ಮಿ ಇಳಿದಳು.

ಮಗು ಗಾಜಿಗೆ ಮೂಗು ಒತ್ತಿ ನಿಂತಿತ್ತು. ಕೆಸರಿನೊಳಗಿಂದ ಒಂದು ಮೀಸೆ ಆಡಿತು, ಆಮೇಲೆ ಬಾಲ. ಆ ಬಾಲದ ಪಕ್ಕದಲ್ಲಿ, ತೋಡಿದ ಗುಂಡಿಯಿಂದ ಹೊರಬಿದ್ದು, ಪುಟ್ಟ ಬೀಸುಕಲ್ಲು. ಮಗುವಿನ ತೋಳು ಹಿಡಿದಿದ್ದ ವರಲಕ್ಷ್ಮಿಯ ಕೈ ಸಡಿಲವಾಯಿತು.

"ಅಪ್ಪಾ, ಇದಿನ್ನೂ ಇಟ್ಕೊಂಡಿದೀಯಾ?" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಎರಡು ನಿಮಿಷವಾಯಿತು. ನಾನು ಗಂಟೆ ಹೊಡೆಯಲೇಬೇಕು, ಹೊಡೆದೆ. ಗಂಗುಲಮ್ಮ ಬಾಗಿಲಲ್ಲಿ ನಿಂತು ಸೊಸೆಯನ್ನು ಕರೆದಳು, ಬೈದಳು. ಸೊಸೆ ಏಳಲಿಲ್ಲ. ಆವುಲಪ್ಪ ಬಾವುಟ ಹಿಡಿದು, ಎತ್ತದೆ, ನನ್ನ ಕಡೆ ನೋಡಿದ.

"ಹೋಗಪ್ಪಾ, ತೋರಿಸು" ಎಂದಳು ಮಗಳು. "ಗಾಡಿ ಹೋಗ್ಲಿ."

ಮೊಮ್ಮಗಳನ್ನು ಬಿಟ್ಟು ಯಾವ ಅಜ್ಜಿ ಹೋದಾಳು? ಗಂಗುಲಮ್ಮ ಗಂಟನ್ನು ಎದೆಗವಚಿಕೊಂಡು ಇಳಿದಳು. ಬಾವುಟ ಮೇಲೆದ್ದಿತು. ಗಾಡಿ ಹೋಯಿತು.

ಪ್ಲಾಟ್‌ಫಾರಂ ನಿಶ್ಶಬ್ದವಾಯಿತು. ಆವುಲಪ್ಪ ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಮಸಿ ಕೈಯನ್ನು ಉಜ್ಜಿ ಉಜ್ಜಿ ತೊಳೆದು, ಚೊಂಬಿನ ತುಂಬ ನೀರು ತಂದ.

"ಗಂಗುಲಮ್ಮನೋರೆ, ಇವತ್ತೂ ಗಾಡಿ ಕಳಿಸಿಯೇ ಬಂದೆ. ನನ್ನ ಹಣೇಬರಹ ಅದು. ಏಳು ವರ್ಷ ತಡವಾಯ್ತು, ಕಾಲಿಗೆ ನೀರು ತಗೊಳ್ಳಿ."

ಆಕೆ ಚೊಂಬನ್ನೇ ನೋಡಿದಳು. ಆಮೇಲೆ ಸೀರೆಯ ನೆರಿಗೆಯನ್ನು ಗೇಣಿನಷ್ಟು ಮೇಲೆತ್ತಿ ಹಿಡಿದುಕೊಂಡಳು.

ಮುಂದಿನ ಗಾಡಿ ಸಂಜೆ ಐದಕ್ಕೆ. ನಾಲ್ಕೂವರೆಗೆ ಗೌರಿಬಿದನೂರಿನಿಂದ ಫೋನು ಬಂತು. ಬೇವಿನ ಮರದಡಿ ಹೋಗಿ, ಗಾಡಿ ನಲವತ್ತು ನಿಮಿಷ ತಡ ಎಂದೆ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಆವುಲಪ್ಪ ತಲೆ ಎತ್ತಿದ.

"ಇನ್ನೊಂದ್ಸಲ ಹೇಳಿ ಸ್ವಾಮಿ" ಎಂದ.