ಹೊಳೆ ಬಿಟ್ಟು ಗಾಡಿ ಹತ್ತಿದ್ದು

ಕೊಪ್ಪರದ, ಅಂದರೆ ಒಣಕೊಬ್ಬರಿಯ, ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಲಾಭವಲ್ಲ, ನನ್ನ ಅತ್ತೆ. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಗೋಣಿ ಬಿಚ್ಚಿದಾಗಲೂ ಹಾಗೇ ಆಯಿತು.

ನೀವು ಕೊಪ್ಪರ ಕೊಳ್ಳುವವರಾದರೆ ಒಂದು ಮಾತು: ಗೋಣಿಯ ಬಾಯಲ್ಲಿದ್ದದ್ದನ್ನು ನಂಬಬೇಡಿ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯಿರಿ. ಹಿಡಿಯಲ್ಲಿ ಎಷ್ಟು ಬೂಸ್ಟು ಉಂಟೋ, ಗೋಣಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಾಸು ಚಿಮ್ಮಿದರೆ ಇಷ್ಟೂ ಬೇಡ, ತಲೆಯೋ ಬಾಲವೋ ಸರಿಯಾಗಿ ಅರ್ಧರ್ಧ. ಈ ಎರಡು ಲೆಕ್ಕ ಬಂದವನಿಗೆ ಲೋಕದಲ್ಲಿ ಸೋಲಿಲ್ಲವೆಂದು ಮದುವೆಯಾಗುವವರೆಗೆ ನಂಬಿದ್ದೆ.

ಹೆಂಡತಿಯ ತವರು ಹೊಳೆಯಾಚೆ. ಬಯಕೆಯ ಊಟ ಮುಗಿದು, ಚೊಚ್ಚಲ ಬಸುರಿಯನ್ನು ಕರೆದೊಯ್ಯಲು ಅತ್ತೆ ಬಂದಾಗ ಹೊಳೆ ಕೆಂಪಗೆ ತುಂಬಿತ್ತು. ಆಟಿ ತಿಂಗಳು, ಅಂದರೆ ಆಷಾಢ, ಹುಟ್ಟಿದರೆ ಬಸುರಿಯನ್ನು ಕಳಿಸುವಂತಿಲ್ಲ, ಹಾಗಾಗಿ ತಡಮಾಡುವಂತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಹೊಳೆ ದಾಟಿಸುವ ಕೆಳಗಿನ ಕಡವಿನಲ್ಲಿ ದೋಣಿಯೊಂದು ಮಗುಚಿದ್ದನ್ನು ಊರು ಇನ್ನೂ ಮರೆತಿರಲಿಲ್ಲ.

ನಮ್ಮ ಕಡವಿನಲ್ಲಿ ದೋಣಿ ನಡೆಸುವ ಅದ್ರಾಮ ಬ್ಯಾರಿಯನ್ನು ಕೇಳಿದೆ, "ನಿಮ್ಮದು ಎಂದಾದರೂ ಮಗುಚಿದ್ದುಂಟಾ?"

"ಮಗುಚಿದ್ರೆ ನಾನಿಲ್ಲಿ ಬೀಡಿ ಸೇದ್ಲಿಕ್ಕುಂಟಾ ಶೆಟ್ರೇ?"

ಅಲ್ಲೇ ನನ್ನ ಬುದ್ಧಿ ಸಿಕ್ಕಿಕೊಂಡಿತು. ಇದು ಗೋಣಿಯ ಬಾಯಲ್ಲಿಟ್ಟ ಕೊಪ್ಪರ. ಮುಳುಗಿದವನು ಉತ್ತರ ಕೊಡಲು ಕಡವಿಗೆ ಬರುವುದಿಲ್ಲ. ತೀರ ಅಪರೂಪದ ಕೆಡುಕು ಒಂದು ಹಿಡಿಯಲ್ಲಿ ಸಿಗುವ ಸರಕೂ ಅಲ್ಲ. ಉಳಿದದ್ದು ನನ್ನ ಎದೆಯ ಡವಡವ. ಅದಕ್ಕೇ ಲೆಕ್ಕವೆಂದು ಹೆಸರಿಟ್ಟು, ದೂರದ ಸೇತುವೆಯ ಮೇಲಿಂದ ಸುತ್ತಿ ಎತ್ತಿನ ಗಾಡಿಯಲ್ಲಿ ಹೋಗುವಾ ಎಂದೆ.

"ಆ ರಸ್ತೆಯಲ್ಲಿ ಎಷ್ಟು ಗಾಡಿ ಬಿದ್ದಿದೆ, ಕೇಳಿದ್ದೀರಾ?" ಎಂದರು ಅತ್ತೆ.

ಕೇಳಿರಲಿಲ್ಲ. ಗಾಡಿ ಬಿದ್ದರೆ ಜನ ಎದ್ದು, ಗಾಡಿಯವನಿಗೆ ಬೈದು, ಮನೆಗೆ ಹೋಗುತ್ತಾರೆ. ಅದು ಯಾರಿಗೆ ಸುದ್ದಿ?

ಇಳಿಜಾರಿನಲ್ಲಿ ಚಕ್ರ ಹೊಂಡಕ್ಕಿಳಿದು ನಮ್ಮ ಗಾಡಿ ಮಗುಚಿತು. ಮಗಳನ್ನು ತಬ್ಬಿಕೊಂಡ ಅತ್ತೆ ಅಡಿಗಾದರು, ಮಣಿಕಟ್ಟು ಮುರಿಯಿತು. ಹೆಂಡತಿ ಎದ್ದು ಕೂತು ಹೊಟ್ಟೆಯ ಮೇಲೆ ಕೈಯಿಟ್ಟಳು. ನಾನು ಅವಳ ಹತ್ತಿರ ತೆವಳಿದೆ. ಕೊನೆಗೆ, "ಒದೀತಾ ಉಂಟು," ಎಂದಳು.

"ಅಪ್ಪನಿಗೆ," ಎಂದರು ಅತ್ತೆ, ಕೆಸರಿನಿಂದ.

ಅಂದು ಒದ್ದ ಮಗಳೀಗ ಹೊಳೆಯಾಚೆಯ ಶಾಲೆಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಒಂದು ಸಲದ ದೋಣಿ ಬೇರೆ, ದಿನಾ ಹೋಗಿ ಬರುವ ದೋಣಿ ಬೇರೆ. ಸಣ್ಣ ಅಪಾಯವೂ ದಿನಕ್ಕಿಷ್ಟು ಸೇರಿ ಬೆಳೆಯುತ್ತದೆ. ಎದೆ ಈಗಲೂ ಬಡಿಯುತ್ತದೆ, ಆದರೆ ಅದನ್ನು ಹೆದರಿಕೆ ಎಂದೇ ಕರೆಯುತ್ತೇನೆ. ಹೋಗು, ಮೊದಲು ಈಜು ಕಲಿ ಎಂದೆ.

"ನಾನು ಕಲಿಸ್ತೇನೆ," ಎಂದಳು ಹೆಂಡತಿ. "ಮದುವೆಗೆ ಮೊದಲು ಆ ಹೊಳೆಯನ್ನು ಈಜಿಯೇ ದಾಟ್ತಿದ್ದೆ."

"ಇದನ್ನು ಆವತ್ತು ಯಾಕೆ ಹೇಳಲಿಲ್ಲ?"

"ನೀವು ಬ್ಯಾರಿಯನ್ನಲ್ಲವಾ ಕೇಳಿದ್ದು."