ಯಾರ ಕೈಯಲ್ಲೂ ಸಾಯದ ಗಿಡ

ಬನಹಟ್ಟಿಯಿಂದ ಅಕ್ಕ ಬಂದಾಗಲೆಲ್ಲ ಒಂದು ಕೈಚೀಲದ ತುಂಬ ನಿಂಬೆಹಣ್ಣು ತರುತ್ತಾಳೆ. ಜಮಖಂಡಿಯ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಚೀಲ ಇಟ್ಟು, ‘ತಗೊ, ನಿನ್ನ ಗಿಡದ್ದು’ ಅನ್ನುತ್ತಾಳೆ. ಗಿಡ ಇರುವುದು ಅವಳ ಹಿತ್ತಲಿನಲ್ಲಿ. ದಿನವೂ ಅದನ್ನು ಸುತ್ತಿಕೊಂಡು ಹೋಗಿ ಬಟ್ಟೆ ಒಣಹಾಕುವವಳು ಅವಳು. ಆದರೂ ಅದು ನನ್ನ ಗಿಡ. ತೆಳು ಸಿಪ್ಪೆಯ, ರಸ ತುಂಬಿದ ಹಣ್ಣುಗಳು. ಅವನ್ನು ಹಿಂಡುವಾಗ ನನಗೆ ಸಂತೋಷವಾಗಬೇಕಿತ್ತು.

ಅಕ್ಕ ಮದುವೆಯಾಗಿ ಹೋದ ಹಳೆಯ ಮನೆಯಲ್ಲಿ ಮಗ್ಗಗಳಿಗೇ ಜಾಗ ಸಾಲುತ್ತಿರಲಿಲ್ಲ. ಗಿಡ ನೆಡುವಷ್ಟು ನೆಲ ಎಲ್ಲಿಂದ ಬರಬೇಕು? ಡಬ್ಬಿಯಲ್ಲಿ ಹಚ್ಚಿದ ತುಳಸಿ ಒಣಗಿತು. ಆಮೇಲೆ ಮಲ್ಲಿಗೆ ಬಳ್ಳಿ ಹೋಯಿತು. ಅದೇ ವರ್ಷ ಅವಳು ಹಾಕಿದ ಉಪ್ಪಿನಕಾಯಿಗೆ ಬೂಷ್ಟು ಬಂತು. ‘ಈ ಹುಡುಗಿ ಕೈಗುಣ ಛಲೋ ಇಲ್ಲ’ ಎಂದರು ಅವಳ ಅತ್ತೆ. ಸಿಟ್ಟಿನಲ್ಲಿ ಅಂದದ್ದಲ್ಲವಂತೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಅಂದರಂತೆ. ಅಂದಿನಿಂದ ಉಪ್ಪಿನಕಾಯಿಯ ಕಾಲಕ್ಕೆ ಹಣ್ಣು ಹೆಚ್ಚುವುದು ಮಾತ್ರ ಅಕ್ಕನ ಕೆಲಸ. ಉಪ್ಪು ಖಾರ ಬೆರೆಸುವುದು, ಭರಣಿಗೆ ತುಂಬುವುದು ಬೇರೆಯವರ ಕೆಲಸ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಈಗ ತಡೆಯುವವರು ಯಾರೂ ಇಲ್ಲ. ಆದರೂ ಭರಣಿ ತುಂಬುವ ದಿನ ಅಕ್ಕ ಪಕ್ಕದ ಮನೆಯವರನ್ನು ಕರೆಯುತ್ತಾಳೆ.

ಕೆಲವು ವರ್ಷಗಳ ಹಿಂದೆ ಅಕ್ಕ ಮತ್ತು ಅವಳ ಗಂಡ ಊರ ಹೊರಗಿನ ಪ್ಲಾಟಿನಲ್ಲಿ ಮನೆ ಕಟ್ಟಿಸಿದರು. ಒಂದು ದಿನ ಫೋನ್ ಬಂತು.

‘ತಮ್ಮಾ, ಹಿತ್ತಲದಾಗ ಒಂದ ಗಿಡಕ್ಕ ಜಾಗ ಐತಿ. ಲಿಂಬಿ ಆಗಲಿ, ಮೋಸಂಬಿ ಆಗಲಿ, ಯಾವುದಾರ ಒಂದ ಹಚ್ಚಬೇಕಂತೀನಿ. ನೀ ಓದಿದಾವ, ನೀನ ಆರಿಸು.’ ಸ್ವಲ್ಪ ತಡೆದು, ‘ಆದ್ರ ಸಾಯಬಾರದು ನೋಡು’ ಅಂದಳು.

ನಾನು ಓದಿದ್ದು ಇತಿಹಾಸ. ಗಿಡಗಳ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೂ ಅಕ್ಕ ಕೇಳಿದ್ದು ನನಗೆ ಹೆಮ್ಮೆ ತಂದಿರಬೇಕು. ಮೊದಲ ಸಲ ಗಿಡ ಬೆಳೆಸುವವರಿಗೆ, ಹೆಚ್ಚು ಆರೈಕೆ ಬೇಡದ ಜಾತಿ ಯಾವುದು ಎಂದು ಹುಡುಕುತ್ತಾ ಕೂತೆ. ವಿಡಿಯೋ ನೋಡಿದೆ, ಕಂಡವರನ್ನು ಕೇಳಿದೆ. ಕಿತ್ತಳೆ ನಮ್ಮ ಬಿಸಿಲಿಗೆ ಸಿಹಿಯಾಗುವುದಿಲ್ಲ ಎಂದು ಬಿಟ್ಟೆ. ಮೋಸಂಬಿಗೆ ಹುಳದ ಕಾಟ ಹೆಚ್ಚು, ಔಷಧ ಹೊಡೆಯುತ್ತಲೇ ಇರಬೇಕು ಅಂದರು. ಕಂಚಿಕಾಯಿ ಗಟ್ಟಿ ಗಿಡವೇ, ಆದರೆ ಹಿತ್ತಲನ್ನೆಲ್ಲ ತಾನೇ ಹಿಡಿಯುತ್ತದೆ. ಅಷ್ಟು ದೊಡ್ಡ ಕಾಯಿಗಳನ್ನು ಇಬ್ಬರ ಮನೆಯಲ್ಲಿ ಏನು ಮಾಡುವುದು? ಕೊನೆಗೆ ಉಳಿದದ್ದು ನಮ್ಮ ದಿನಬಳಕೆಯ ನಿಂಬೆ. ಮುಧೋಳ ರಸ್ತೆಯ ನರ್ಸರಿಗೆ ಹೋದೆ. ನರ್ಸರಿಯವನು ಸಸಿಗಳಿಗೆ ಪೈಪಿನಿಂದ ನೀರು ಬಿಡುತ್ತ, ತಿರುಗಿಯೂ ನೋಡದೆ ಮಾತಾಡಿದ.

‘ಸಾಯಬಾರದೇನ್ರಿ ಸರ? ಹಂಗಾದ್ರ ಪ್ಲಾಸ್ಟಿಕ್ಕಿಂದ ತಗೋರಿ.’

‘ಅಕ್ಕಗ ಹೊಸಾದು. ಭಾಳ ಜ್ವಾಪಾನ ಮಾಡೂವಂಥಾದು ಬ್ಯಾಡ.’

‘ಲಿಂಬಿ ಒಯ್ರಿ ಮತ್ತ. ಯಾರ ಕೈಯಾಗೂ ಸಾಯೂದಿಲ್ಲ ಅದು.’

ವ್ಯಾಪಾರದ ಮಾತು ಅದು, ಎಲ್ಲ ಗಿಡಕ್ಕೂ ಹೇಳುವಂಥದು. ನನಗೆ ಮಾತ್ರ ಅದೇ ಬೇಕಿತ್ತು.

ಅಕ್ಕನ ಹಿತ್ತಲಿನದು ಅಂಟುವ ಕಪ್ಪು ಎರೆ ಮಣ್ಣು. ನಾನು ವಿಡಿಯೋದಲ್ಲಿ ಕಂಡಂತೆ ಆಳವಾಗಿ ಗುಂಡಿ ತೋಡಿದೆ, ತಳಕ್ಕೆ ಗೊಬ್ಬರ ತುಂಬಿದೆ. ಮಾವ, ಅಂದರೆ ಅಕ್ಕನ ಗಂಡ, ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದರು. ‘ಏನೋ, ಗಿಡಾ ಹಚ್ಚತೀಯೋ ಬಾವಿ ತೋಡತೀಯೋ?’ ಅಂದರು. ಎಲ್ಲರೂ ನಕ್ಕೆವು. ಸಸಿಯನ್ನು ಅಕ್ಕನೇ ಇಡಬೇಕು ಎಂದು ನಾನು ಹಟ ಮಾಡಿದೆ. ಅವಳು ಸೆರಗು ಸರಿಮಾಡಿಕೊಂಡು, ಗುಂಡಿಗೆ ಅರಿಶಿನ ಕುಂಕುಮ ಹಾಕಿ, ಎರಡೂ ಕೈಯಲ್ಲಿ ಸಸಿ ಹಿಡಿದು ಇಳಿಸಿದಳು. ಆಗ ನಾನು ನರ್ಸರಿಯವನ ಮಾತನ್ನೇ ಹೇಳಿದೆ: ‘ಹೆದರಬ್ಯಾಡಕ್ಕಾ, ಯಾರ ಕೈಯಾಗೂ ಸಾಯೂದಿಲ್ಲ ಇದು.’

ಹೀಗೆ ಅಂದೆ ಎಂದು ನನಗೆ ನೆನಪು. ಅಕ್ಕನ ನೆನಪಿನಲ್ಲಿ ಅದರ ಜೊತೆಗೆ ಇನ್ನೊಂದು ಮಾತೂ ಇದೆ. ‘ನಿನ್ನಂಥಾಕಿ ಹಚ್ಚಿದ್ರೂ ಬರತೈತಿ’ ಎಂದು ನಾನು ನಗಾಡಿದೆನಂತೆ. ಹಾಗೆ ಅಂದಿರಲಾರೆ ಅನ್ನಿಸುತ್ತದೆ. ಆದರೆ ನನಗೆ ಅನುಕೂಲವಾದ ಮಾತೇ ನನ್ನ ನೆನಪಿನಲ್ಲಿ ಉಳಿದಿದೆ ಎಂಬುದೂ ಕಾಣುತ್ತದೆ. ಬೇರೆಯವರ ಸಾಕ್ಷ್ಯವಾಗಿದ್ದರೆ, ಇತಿಹಾಸ ಓದಿದ ನಾನು ಇಂಥ ಅನುಕೂಲದ ನೆನಪನ್ನು ನಂಬದೆ ಪಕ್ಕಕ್ಕೆ ಇಡುತ್ತಿದ್ದೆ.

ಸ್ವಲ್ಪ ದಿನ ಚೆನ್ನಾಗಿತ್ತು. ಹೊಸ ಚಿಗುರಿನ ಫೋಟೋ ವಾಟ್ಸಾಪಿಗೆ ಬಂತು. ಮಗುವಿಗೆ ಹಲ್ಲು ಬಂದ ಸುದ್ದಿಯಂತೆ ಅಕ್ಕ ಅದನ್ನು ಎಲ್ಲರಿಗೂ ಕಳಿಸಿದ್ದಳು. ಆಮೇಲೆ ಹಳದಿ ಎಲೆಯ ಫೋಟೋ ಬಂತು.

‘ನೀರ ಎಷ್ಟ ಹಾಕಾಕತ್ತಿ?’ ಎಂದೆ.

‘ಮುಂಜಾನಿ ಒಂದ ಕೊಡ, ಸಂಜಿಕ್ಕ ಒಂದ ಕೊಡ. ಅಕ್ಕಿ ತೊಳದದ್ದೂ ಹಾಕತೀನಿ.’

‘ಭಾಳ ಆತು. ಸ್ವಲ್ಪ ದಿನ ನಿಲ್ಲಸು.’

‘ಬಾಡಾಕತ್ತೈತಿ ಅಂದ್ರ ನೀರ ನಿಲ್ಲಸು ಅಂತೀಯಲ್ಲೋ! ಸುತ್ತಮುತ್ತ ಕಬ್ಬಿಗೆ ನೀರ ಹಾಯಿಸೂವರ ಅದಾರ, ಕೇಳಿದ್ರ ನಗತಾರ.’

‘ಇದು ಕಬ್ಬಲ್ಲಕ್ಕಾ. ಸುಮ್ನ ಬಿಟ್ರ ತಾನ ಬೆಳಿತೈತಿ.’

‘ಸುಮ್ನ ಬಿಡಾಕ ಯಾಕ ಹಚ್ಚಬೇಕಿತ್ತು?’

ಈ ಪ್ರಶ್ನೆಗೆ ನಾನು ನಿಂತು ಉತ್ತರ ಯೋಚಿಸಬೇಕಿತ್ತು. ಆರೈಕೆ ಬೇಡದ ಗಿಡ ಹುಡುಕಿದವನು ನಾನು. ಅವಳಿಗೆ ಬೇಕಾಗಿದ್ದದ್ದು ಆರೈಕೆ ಮಾಡುವುದಕ್ಕೇ ಒಂದು ಗಿಡ. ಆಗ ಅದು ಹೊಳೆಯಲಿಲ್ಲ. ‘ನೀರ ಹಾಕಬ್ಯಾಡ’ ಎಂಬ ಒಂದೇ ಮಾತನ್ನು ಪ್ರತಿ ಫೋನಿನಲ್ಲೂ, ಪ್ರತಿ ಸಲ ಸ್ವಲ್ಪ ಗಡುಸಾಗಿ, ಹೇಳುತ್ತ ಹೋದೆ. ಅವಳು ನೀರು ಕಡಿಮೆ ಮಾಡಿದಳೋ ಇಲ್ಲವೋ ತಿಳಿಯದು. ಫೋಟೋ ಬರುವುದು ಮಾತ್ರ ನಿಂತಿತು.

ಮಳೆಗಾಲದಲ್ಲಿ ನಾನು ಹೋದಾಗ ಗಿಡ ಒಣಗಿದ ಕಡ್ಡಿಯಾಗಿತ್ತು. ಎಳೆದರೆ ಸಲೀಸಾಗಿ ಬಂತು. ಬೇರಿನ ಸಿಪ್ಪೆ ಕೊಳೆತು ಕೈಗೆ ಸುಲಿದುಬಂತು, ಕೆಟ್ಟ ವಾಸನೆ. ಕೆದಕಿ ನೋಡಿದರೆ ಗುಂಡಿಯ ತಳದಲ್ಲಿ ನೀರು ಹಾಗೆಯೇ ನಿಂತಿತ್ತು. ಎರೆ ಮಣ್ಣಿನಲ್ಲಿ ನಾನು ತೋಡಿದ ಗುಂಡಿ ಒಂದು ಬಟ್ಟಲಿನ ಹಾಗೆ ಹನಿ ಸಹ ಇಂಗಿಸದೆ ಹಿಡಿದಿಟ್ಟಿತ್ತು. ಮಾವ ತಮಾಷೆಗೆ ಅಂದದ್ದೇ ನಿಜವಾಗಿತ್ತು.

ಅಕ್ಕನಿಗೆ ತೋರಿಸಿದೆ. ‘ನೋಡಿಲ್ಲೆ, ಗುಂಡೀದ ತಪ್ಪು. ಮಣ್ಣಿಂದ ತಪ್ಪು. ನಿಂದಲ್ಲ.’

‘ಹೌದೇನು?’ ಅಂದಳು. ಇಣುಕಿಯೂ ನೋಡಲಿಲ್ಲ. ‘ನನ್ನ ಸಮಾಧಾನಕ್ಕ ಏನರ ಹೇಳಬ್ಯಾಡೋ. ಯಾರ ಕೈಯಾಗೂ ಸಾಯೂದಿಲ್ಲ ಅಂತ ನೀನ ಅಂದಿದ್ದಿ ಅಲ್ಲೇನೋ?’

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಹಳೆಯ ಲೆಕ್ಕವೊಂದು ತಾಳೆಯಾದಂತಿತ್ತು. ಕಷ್ಟದ ಗಿಡವೊಂದನ್ನು ತಂದುಕೊಟ್ಟು, ‘ಇದು ನಮ್ಮ ಮಣ್ಣಿನಲ್ಲಿ ಬರುವುದು ಅನುಮಾನ, ನೋಡೋಣ’ ಅಂದಿದ್ದರೆ, ಸತ್ತಾಗ ಮಣ್ಣನ್ನು ಬೈದು ಸುಮ್ಮನಾಗುತ್ತಿದ್ದಳು. ಬದುಕಿದ್ದರೆ ಊರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಸುಲಭದ ಗಿಡವನ್ನು ಆರಿಸಿ ನಾನು ಅವಳಿಗೆ ಸೋಲಲು ಇದ್ದ ನೆಪಗಳನ್ನೆಲ್ಲ ಕಸಿದುಕೊಂಡಿದ್ದೆ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಮುಂದಿನ ಸಲ ಇನ್ನೊಂದು ನಿಂಬೆ ಸಸಿ ಒಯ್ದೆ. ಈ ಸಲ ಗುಂಡಿ ಬೇಡ ಎಂದು ಇಟ್ಟಿಗೆ ಜೋಡಿಸಿ, ಮರಳು ಬೆರೆಸಿದ ಮಣ್ಣಿನಿಂದ ನೆಲಕ್ಕಿಂತ ಎತ್ತರಕ್ಕೆ ದಿಬ್ಬ ಮಾಡಿದೆ. ಸಸಿಯನ್ನು ಅಕ್ಕನ ಕಡೆ ಚಾಚಿದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

‘ನೀನ ಹಚ್ಚು. ನಾ ಮುಟ್ಟೂದಿಲ್ಲ.’

‘ಏ, ಹಿಡಿಯಕ್ಕಾ.’

‘ಬ್ಯಾಡಂದ್ರ ಬ್ಯಾಡಲೇ. ಇದಾದ್ರೂ ಬದುಕಲಿ.’

ಬಸ್ಸಿಗೆ ಹೊತ್ತಾಗಿತ್ತು ಎಂದು ನೆನಪು. ಅಥವಾ ಮಾತು ಬೆಳೆಸಲು ನನಗೆ ಮನಸ್ಸಿರಲಿಲ್ಲವೋ ಏನೋ. ನಾನೇ ನೆಟ್ಟೆ. ಆಮೇಲೆ ನೆನಪಾದಾಗ ಮಾವ ಒಂದು ತಂಬಿಗೆ ನೀರು ಹಾಕುತ್ತಿದ್ದರಂತೆ. ಅಕ್ಕ ಹತ್ತಿರವೂ ಹೋಗಲಿಲ್ಲ. ಅವಳು ಮುಟ್ಟದ ಆ ಗಿಡ ಸೊಂಪಾಗಿ ಬೆಳೆದು ಗೊಂಚಲು ಗೊಂಚಲು ಕಾಯಿ ಬಿಟ್ಟಿತು. ದಿಬ್ಬದ ಮೇಲೆ ಅಕ್ಕ ನೆಟ್ಟಿದ್ದರೂ ಅದು ಬದುಕುತ್ತಿತ್ತು. ನನಗೆ ಇದು ಗೊತ್ತು, ಆದರೆ ತೋರಿಸಲಾರೆ. ಜಾಗವನ್ನೂ ನೆಡುವ ಕೈಯನ್ನೂ ಒಟ್ಟಿಗೆ ಬದಲಿಸಿಬಿಟ್ಟೆ; ತನ್ನ ಕೈಗುಣ ಸರಿಯಿಲ್ಲ ಎಂಬ ಅವಳ ನಂಬಿಕೆಯೇ ಈಗ ಹಣ್ಣು ಬಿಡುತ್ತಿದೆ.

ಹೋದ ತಿಂಗಳು ಬನಹಟ್ಟಿಗೆ ಹೋಗಿದ್ದೆ. ಅಕ್ಕ ಹಿತ್ತಲಿನ ಕಲ್ಲಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಮುಸುರೆ ನೀರು ಹರಿದುಹೋಗುವ ಅಂಚಿನಲ್ಲಿ ಬೆರಳುದ್ದದ ಒಂದು ಸಸಿ ಕಂಡಿತು. ಎಲೆ ಹೊಸಕಿ ಮೂಸಿದೆ. ನಿಂಬೆಯೇ. ಅಕ್ಕ ಹಿಂಡಿ ಎಸೆದ ಹೋಳಿನ ಬೀಜ ಮೊಳೆತಿರಬೇಕು.

‘ಅಕ್ಕಾ, ನೋಡಿಲ್ಲೆ. ಇದು ನಿನ್ನ ಕೈಯಿಂದ ಬಂದದ್ದು.’

ಅವಳು ಬಗ್ಗಿ ನೋಡಿದಳು. ಒಂದು ಕ್ಷಣ ಮುಖ ಅರಳಿತು ಎಂದು ನನಗನ್ನಿಸಿತು, ಆಣೆ ಮಾಡಲಾರೆ.

‘ನಾ ಎಲ್ಲಿ ಹಚ್ಚೀನೋ? ಚೆಲ್ಲೀನಿ’ ಎಂದು ಮತ್ತೆ ಪಾತ್ರೆಗೆ ಕೈಹಾಕಿದಳು.

ಬೋಗುಣಿ ತೊಳೆದ ನೀರನ್ನು ಅವಳು ಚೆಲ್ಲಿದಾಗ ಅದು ಹರಿದುಬಂದು ಸಸಿಯ ಬುಡದಲ್ಲಿ ನಿಂತಿತು. ಹೀಗೇ ನೀರು ನಿಂತರೆ ಇದೂ ಉಳಿಯುವುದಿಲ್ಲ. ‘ನೀರ ಹಾಕಬ್ಯಾಡ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವಳು ಮುಂದಿನ ಪಾತ್ರೆ ಎತ್ತಿಕೊಂಡಳು.